ಹೊಡೆಯದ ಕೈ

ಶಿವಮ್ಮನವರೇ, ನಿಮ್ಮ ಗಂಡ ಮಾದೇವ ನೀರಿಗೆ ಹೆದರಲಿಲ್ಲ. ಹೆದರಿದವನು ನಾನು. ಅವನ ಬಾಯಿಂದ ಉಸಿರಿನ ಕೊಳವೆಯನ್ನು ಕಿತ್ತವನು, ಹಣೆಗೆ ಟಾರ್ಚಿನಿಂದ ಹೊಡೆದವನು, ಎದೆಗೆ ಒದ್ದು ಮೇಲೆ ಬಂದವನು — ನಾನು. ಆರು ವರ್ಷ ಇದನ್ನು ತಿರುಚಿ ಹೇಳಿದ್ದೇನೆ.

ಹಂಗಳದ ನಮ್ಮ ತೋಟದ ಬಾವಿ ನಿಮಗೆ ಗೊತ್ತು. ನಮ್ಮ ಹಿರಿಯರು ನಿಮ್ಮ ಕೇರಿಯವರಿಗೆ ಅದರ ನೀರು ಮುಟ್ಟಗೊಡಲಿಲ್ಲ. ಯಾರಾದರೂ ಅದರೊಳಗೆ ಬಿದ್ದಾಗ ಮಾತ್ರ ಮಾದೇವನಿಗೆ ಕರೆ ಹೋಗುತ್ತಿತ್ತು. ಚಾಮರಾಜನಗರದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ಅನ್ಯಾಯವನ್ನು ಖಂಡಿಸಿ ಬಹುಮಾನ ಗೆದ್ದವನು ನಾನು. ಮೇಷ್ಟರಾದ ಮೇಲೆ ಅದೇ ಬಾವಿಯಲ್ಲಿ ಎಲ್ಲ ಕೇರಿಯ ಮಕ್ಕಳಿಗೂ ಈಜು ಕಲಿಸಲು ಅವನನ್ನು ಕರೆದೆ. ಮುಳುಗುವವನು ತಬ್ಬಿಕೊಂಡರೆ ಮೊದಲು ಕೆನ್ನೆಗೆ ಬಾರಿಸಬೇಕು, ಹಿಡಿತ ಸಡಿಲಿದ ಮೇಲೆ ಜುಟ್ಟು ಹಿಡಿದು ಎಳೆಯಬೇಕು — ಇದು ಅವನ ಮೊದಲ ಪಾಠ.

"ನಾನು ಮುಳುಗಿದರೂ ಹೊಡೀತೀಯಾ?" ಎಂದು ಕೇಳಿದ್ದೆ.

"ಒಡೀದೆ ಬುಟ್ಟೇನಾ ಮೇಷ್ಟ್ರೇ? ಆದ್ರೆ ನಿಮ್ಮಪ್ಪಾರು ಕಟ್ಟೆ ಮೇಲೆ ನಿಂತಿದ್ರೆ ವಸಿ ಯೋಚ್ನೆ ಮಾಡ್ಬೇಕಾಯ್ತದೆ!"

ಇಬ್ಬರೂ ನಕ್ಕಿದ್ದೆವು.

ಅವನನ್ನು ಅಂಡಮಾನಿಗೆ ಕರೆದೊಯ್ದವನೂ ನಾನೇ. ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಉಸಿರಾಡುವುದನ್ನು ನಾಲ್ಕು ದಿನ ಕಲಿತೆವು. ಐದನೆಯ ಬೆಳಿಗ್ಗೆ ಮುಳುಗಿದ ಹಡಗೊಂದರ ಬಳಿ ಇಳಿದೆವು. ನೀರು ಹಂಡೆಯ ನೀರಿನಂತೆ ಬೆಚ್ಚಗಿತ್ತು; ತುಕ್ಕು ಹಿಡಿದ ಕಂಬಿಗಳ ನಡುವೆ ಹಳದಿ ಮೀನುಗಳು. ಒಳಗೆ ಹೋಗಬೇಡಿ ಎಂದು ತರಬೇತುದಾರ ಕೈಸನ್ನೆ ಮಾಡಿದ. ನಾನು ಹೋದೆ.

ಹಡಗಿನ ಹೊಟ್ಟೆಯಲ್ಲಿ ನನ್ನ ಬೆನ್ನಿನ ಪಟ್ಟಿ ಮುರಿದ ಕಬ್ಬಿಣಕ್ಕೆ ಸಿಕ್ಕಿಕೊಂಡಿತು. ಒದ್ದಾಡಿದೆ. ಕೆಸರೆದ್ದಿತು, ಬಾಯಿಂದ ಕೊಳವೆ ಜಾರಿತು. ಮಾದೇವ ಬಂದ. ತನ್ನ ಬಳಿಯಿದ್ದ ಎರಡನೆಯ ಕೊಳವೆಯನ್ನು ನನ್ನ ಮುಖಕ್ಕೆ ಚಾಚಿದ. ನಾನು ಅದನ್ನು ಬಿಟ್ಟು ಅವನ ಬಾಯಲ್ಲಿದ್ದುದನ್ನೇ ಕಿತ್ತೆ. ಮತ್ತೆ ಹತ್ತಿರ ಬಂದಾಗ ಟಾರ್ಚಿನಿಂದ ಹಣೆಗೆ ಹೊಡೆದೆ — ಒಮ್ಮೆಯಲ್ಲ. ಟಾರ್ಚು ಒಡೆದು ಆರಿತು. ಆ ಆಳದ ಮಂದ ಬೆಳಕಿನಲ್ಲಿ ಅವನ ರಕ್ತ ಕೆಂಪಾಗಿ ಕಾಣಲಿಲ್ಲ. ಹಸಿರು ಹೊಗೆಯಂತೆ ಎದ್ದಿತು. ಎರಡನೆಯ ಕೊಳವೆ ಕೆಸರಿನಲ್ಲಿ ಎಲ್ಲೋ ಕೈತಪ್ಪಿತ್ತು; ಬಾವಿಯಲ್ಲಿ ಉಸಿರು ಕಟ್ಟುವಂತೆಯೇ ಕಟ್ಟಿಕೊಂಡು, ಅವನು ಸೊಂಟದ ಚಾಕುವಿನಿಂದ ನನ್ನ ಪಟ್ಟಿಯನ್ನು ಕತ್ತರಿಸಿದ. ಬಿಡುಗಡೆಯಾದೊಡನೆ ನಾನು ಅವನ ಎದೆಗೆ ಒದ್ದು ಬೆಳಕಿನತ್ತ ನುಗ್ಗಿದೆ. ಅವನ ತಲೆ ಕಬ್ಬಿಣಕ್ಕೆ ಬಡಿದ ಸದ್ದು ನೀರಿನಲ್ಲೂ ಕೇಳಿತು — ಕೇಳಿಯೂ ತಿರುಗಲಿಲ್ಲ.

ಅವನ ಹೆಣವನ್ನು ದೋಣಿಗೆ ತಂದಾಗ ನಾನು ಹೇಳಿದ ಮಾತು ಇದು: "ಅವನು ಹೆದರಿ ನನ್ನನ್ನು ತಬ್ಬಿಕೊಂಡ. ಬಿಡಿಸಿಕೊಳ್ಳಲು ಹೊಡೆಯಬೇಕಾಯಿತು." ಅವನದೇ ಪಾಠ. ಅದಕ್ಕೇ, ಹಿಂತಿರುಗಿ ಇದನ್ನೇ ಹೇಳಿದಾಗ ಊರು ತಕ್ಷಣ ನಂಬಿತು.

"ಬಾವೀಲಿ ಉಲಿ, ಸಮುದ್ರದಲ್ಲಿ ಇಲಿ ಆಗ್ಬುಟ್ಟ ಕಣ್ಲಾ" ಎಂದು ಟೀ ಅಂಗಡಿಯಲ್ಲಿ ಒಬ್ಬ ನಕ್ಕಾಗ ನೀವು ಹಾಲು ಕೊಳ್ಳಲು ನಿಂತಿದ್ದಿರಿ. ನನ್ನತ್ತ ತಿರುಗಿದಿರಿ.

"ನೀವೇ ಯೋಳಿ ಮೇಷ್ಟ್ರೇ, ನಮ್ಮನೆಯೋರು ನೀರ್ಗೆ ಎದ್ರೋರಾ?"

ನಾನು ಟೀ ಲೋಟದೊಳಗೆ ನೋಡುತ್ತ ಕುಳಿತೆ.

ಇನ್ನೊಂದು ಸತ್ಯ ಉಳಿದಿದೆ. ಬಾವಿಯ ನಿಯಮದಂತೆ ಅವನು ನನಗೆ ಬಾರಿಸಬೇಕಿತ್ತು. ಒಂದೇ ಏಟು — ಬಹುಶಃ ಇಬ್ಬರೂ ಬದುಕುತ್ತಿದ್ದೆವು. ನಾನು ಕೊಳವೆ ಕಿತ್ತಾಗ ಅವನ ಕೈ ಎದ್ದುದನ್ನು ಕಂಡೆ. ಎದ್ದ ಕೈ ನಿಂತಿತು. ಅದು ಸ್ನೇಹವೋ, ಅಥವಾ ಅಷ್ಟು ಆಳದಲ್ಲೂ ಕಟ್ಟೆಯ ಮೇಲೆ ನಮ್ಮಪ್ಪ ನಿಂತಿದ್ದರೋ... ಸಮಾನತೆಯ ಬಗ್ಗೆ ನಾನು ಮಾಡಿದ ಯಾವ ಭಾಷಣವೂ ಆ ಕೈಯನ್ನು ಬಿಡಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಅದೇ ಟೀ ಅಂಗಡಿಯ ಮುಂದೆ ನಿಂತು ಈ ಪತ್ರವನ್ನು ಎಲ್ಲರೆದುರು ಓದುತ್ತೇನೆ. ಅಲ್ಲಿಂದ ಬಸ್ಸು ಹತ್ತಿ ಗುಂಡ್ಲುಪೇಟೆಯ ಪೊಲೀಸ್ ಠಾಣೆಗೆ ಹೋಗುತ್ತೇನೆ. ನೀವು ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಬಂದರೆ, ನಿಮ್ಮ ಕೈ ಎದ್ದರೆ — ನಿಲ್ಲಿಸಬೇಡಿ.