ಕೆಂಪಯ್ಯ ಮೇಷ್ಟ್ರ ನಿಧಾನದ ಪದ

ಕೈಯಲ್ಲಿ ಕ್ಲಾರಿಯೋನೆಟ್ ಇಲ್ಲದಾಗಲೂ ಕೆಂಪಯ್ಯ ಮೇಷ್ಟ್ರ ಬೆರಳು ಸುಮ್ಮನಿರುತ್ತಿರಲಿಲ್ಲ. ಬಸ್ಸಿನ ಕಂಬಿ, ಟೀ ಲೋಟ, ಸಿಕ್ಕಿದ್ದರ ಮೇಲೆಲ್ಲ ಒಂದೇ ಪದ ಓಡಾಡುತ್ತಿತ್ತು. ತಿಪಟೂರು ಸೀಮೆಯ ಮದುವೆಗಳಿಗೆ ಹೋಗುತ್ತಿದ್ದ ನಮ್ಮ ಬ್ಯಾಂಡ್‌ಸೆಟ್ಟಿಗೆ ಅವರೇ ಯಜಮಾನರು. ನಾನು ಐದನೇ ಕ್ಲಾಸಿಗೆ ಇಸ್ಕೂಲು ಬಿಟ್ಟವನು. ವಾರವೆಲ್ಲ ತೆಂಗಿನಕಾಯಿ ಸುಲಿದು, ಲಗ್ನದ ದಿನ ಅವರ ಪಕ್ಕ ಡ್ರಮ್ಮು ಬಾರಿಸುತ್ತಿದ್ದೆ. ದಿನಕ್ಕೆ ಸಾವಿರ ಕಾಯಿ ಸುಲಿದರೂ ಸೋಲದ ಕೈ ನನ್ನದು.

ಆ ಪದ ನಮ್ಮ ಕಡೇದಲ್ಲ. ಪ್ರಾಯದಲ್ಲಿ ಮೇಷ್ಟ್ರು ಬೆಂಗಳೂರು ದಂಡಿನ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದರಂತೆ. ಅಲ್ಲಿ ಗೋವೆಯವನೊಬ್ಬ ದಿನಾ ಊದುತ್ತಿದ್ದ ಅಮೆರಿಕದ ಜಾಜ್ ಪದ ಅದು. "ಹೋದೋಳನ್ನ ಕೂಗದಂಗೆ ಕರೆಯೋ ಪದ ಅಂದಿದ್ದ ಕಣ್ಲಾ," ಅನ್ನೋರು. ಊರಿಗೆ ಬಂದ ಮೇಲೆ ಮೇಷ್ಟ್ರು ಅದನ್ನ ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಹಚ್ಚಿಬಿಟ್ಟರು. ನೊಣವಿನಕೆರೆಯಿಂದ ಸಂಪಿಗೆವರೆಗೆ ಅದನ್ನು ಕೇಳಿ ಅಳದ ತಾಯಿಯಿಲ್ಲ. ದಬ್ಬೇಘಟ್ಟದ ಒಬ್ಬ ಅಜ್ಜಿಯಂತೂ, "ಇದು ನಮ್ಮತ್ತೆ ಕಾಲದ ಸೋಬಾನೆ ಕಣಪ್ಪ," ಅಂತ ವಾದಕ್ಕೇ ನಿಂತಳು. ಮೇಷ್ಟ್ರು ತಲೆಬಾಗಿ, "ಹೂಂ ಕಣವ್ವ, ಊದೋದ್ರಲ್ಲಿ ನಾನೇ ವಸಿ ಕೆಡಿಸಿದ್ದೀನಿ," ಅಂದರು.

ನಾನು ಅವಸರಕ್ಕೆ ಬಿದ್ದರೆ ಮಾತ್ರ ಬೈಯೋರು. "ಉಂಡೆ ಕೊಬ್ಬರಿ ಅಟ್ಟದಲ್ಲಿ ಹನ್ನೊಂದು ತಿಂಗಳು ಕುಂತಿರಕಿಲ್ವಾ? ಬೇಗ ಒಡೆದ್ರೆ ಹಸೀನೇ. ತಡಕೊಳ್ಲಾ."

ಮುಂದಿನ ಹಲ್ಲು ಬಿದ್ದ ಮೇಲೆ ಅವರಿಗೆ ಊದಲಾಗಲಿಲ್ಲ. ಮದುವೆಗಳಿಗೆ ಡೀಜೆ ಬಂದು ಸೆಟ್ಟಿನವರು ಚದುರಿದರು. ಪದವಾದರೂ ಉಳಿಯಲಿ ಅಂತ ಮೇಷ್ಟ್ರು ನನ್ನ ಕೈಗೆ ವಾದ್ಯ ಕೊಟ್ಟರು. ಒಂದು ಬೇಸಿಗೆ ಪೂರ್ತಿ ಊದಿದೆ. ಕಾಯಿ ಸುಲಿದು ಜಡ್ಡುಗಟ್ಟಿದ ಬೆರಳು ತೂತುಗಳನ್ನು ಮುಚ್ಚಲೇ ಇಲ್ಲ. ಸಂದಿಯಲ್ಲಿ ಗಾಳಿ ಸೋರಿ ಬರೀ ಕೀರಲು ಸದ್ದು. ಸಾವಿರ ಕಾಯಿಗೂ ಸೋಲದ್ದು ಅಂತ ನಾನು ಹೆಮ್ಮೆಪಟ್ಟಿದ್ದ ಕೈ ಅದೇ. ಮೇಷ್ಟ್ರು ನನ್ನ ಬೆರಳನ್ನು ಒಂದೊಂದಾಗಿ ಸವರಿ ನೋಡಿ, "ತಪ್ಪು ನಿಂದಲ್ಲ ಕಣ್ಲಾ ನಂಜ. ಬುಡು," ಅಂದರು. ವಾದ್ಯ ಬಿಚ್ಚಿ ಪೆಟ್ಟಿಗೆಗಿಟ್ಟರು. ಆಮೇಲೆ ಅವರ ಬೆರಳು ಯಾವ ಲೋಟದ ಮೇಲೂ ಆಡಿದ್ದು ನಾನು ಕಾಣೆ.

ಹೋದ ತಿಂಗಳು ಅವರ ಹೆಣ ಎತ್ತಿದಾಗ ಡ್ರಮ್ಮು ಹಾಕಿಕೊಂಡು ಮುಂದೆ ನಡೆದೆ. ಆ ಪದದ ತಾಳವನ್ನೇ ಹಿಡಿದೆ, ಅವಸರವಿಲ್ಲದೆ. ಪಕ್ಕದಲ್ಲಿ ಊದುವವರಿರಲಿಲ್ಲ. ಚಟ್ಟ ಹೊತ್ತವನೊಬ್ಬ, "ಏನಣ್ಣ, ಯಾವ ಪದಕ್ಕೆ ಬಾರಿಸ್ತಿದ್ದೀಯ?" ಅಂದ. ಹೆಸರು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಗುನುಗಿ ತೋರಿಸೋಣವೆಂದು ಬಾಯಿ ತೆರೆದೆ. ಮೊದಲ ಸಾಲು ಬಂತು, ಎರಡನೇದು ನೆನಪಿಗೆ ಬರಲಿಲ್ಲ.