ಕುರಿ ಕಾಯುವವರ ಹಾಡು ಯಾರದು

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಅಕ್ಕ ಒಬ್ಬರು ಸಾಕ್ಷ್ಯಚಿತ್ರ ತೆಗೆಯುತ್ತಿದ್ದರು. ನಾನು ಆ ಚಿತ್ರಗಳಿಗೆ ಇಂಗ್ಲಿಷ್ ಅಡಿಬರಹ ಬರೆಯುತ್ತಿದ್ದೆ. ಯಾವುದೇ ಕಾಗದ ಬಂದರೂ ನನ್ನಿಂದ ಓದಿಸುತ್ತಿದ್ದರು. ಅರ್ಥವಾಗದ ಕಡೆ ಹಾಳೆಯ ಮೂಲೆ ಮಡಿಸಿ, "ಇನ್ನೊಂದ್ ದಪ ಓದು, ಕಣ್ಣು," ಎಂದು ಅಕ್ಕರೆಯಿಂದ ಅನ್ನುತ್ತಿದ್ದರು. ಬೇಸರ ಬರುತ್ತಿದ್ದುದು ನನಗೆ ಮಾತ್ರ.

ಸೇಲಂ ಹತ್ತಿರದ ಕೊಳತ್ತೂರು ಕಡೆಯ ಕುರಿಗಾಹಿಗಳ ಹಾಡಿನ ಬಗ್ಗೆ ಅಕ್ಕ ಮಾಡಿದ ಚಿತ್ರವನ್ನು ಸರ್ಕಾರಿ ಟಿ.ವಿ. ವಾಹಿನಿ ಪ್ರಸಾರಕ್ಕೆ ಕೇಳಿತು. ಎಲ್ಲ ಹಕ್ಕೂ ಎಂದೆಂದಿಗೂ ವಾಹಿನಿಯದೇ ಎಂದು ಕರಾರಿನಲ್ಲಿತ್ತು. ಸಹಿ ಹಾಕಿದರೆ ಹಾಡಿದವರ ಊರಲ್ಲೇ ಅದನ್ನು ತೋರಿಸುವಂತಿರಲಿಲ್ಲ. ಆದರೆ ವಾಹಿನಿ ತನಗೆ ಬೇಕಾದ ಹಕ್ಕುಗಳನ್ನು ಒಂದೊಂದಾಗಿ, ಅವಧಿ ಸಮೇತ ಬರೆಯಬೇಕು, ಉಳಿದವು ಚಿತ್ರ ಮಾಡಿದವರಿಗೇ ಎಂಬ ಹೊಸ ನಿಯಮ ಬಂದಿತ್ತು. ನಾನು ಅದನ್ನು ಮೂರು ಸಲ ಓದಿದ ಮೇಲೆ ಇಬ್ಬರೂ ವಾಹಿನಿಯ ಕಚೇರಿಗೆಂದು ಸೇಲಂ ಬಸ್ಸು ಹತ್ತಿದೆವು.

ಅಲ್ಲಿನ ಅಧಿಕಾರಿ ಕಂಬೈನಲ್ಲೂರಿನ ಬೇಸಾಯದ ಮನೆಯ ಕನ್ನಡದವರು. "ಎಲ್ರೂ ಇದ್ಕೇ ಸೈನ್ ಆಕ್ತಾರಮ್ಮ," ಎಂದರು.

"ಸಾರ್, ನಿಮ್ ಒಲದಾಗೆ ನಮ್ ಕುರಿಮಂದೆ ನಿಲ್ಲಿಸ್ತೀವಿ. ಗೊಬ್ಬರ ನಿಮ್ದು. ಬೆಳಗಾದ್ರೆ ಕುರಿನೂ ನಿಮ್ದಾ?" ಎಂದು ಅಕ್ಕ ಕೇಳಿದರು.

ಅಧಿಕಾರಿ ನಕ್ಕುಬಿಟ್ಟರು. ನಿಯಮದ ಪ್ರತಿ ತರಿಸಿ ಓದಿದರು. ಆಮೇಲೆ ಪೆನ್ನು ತೆಗೆದು, "ಎಷ್ಟ್ ವರ್ಸ ಮಂದೆ ನಿಲ್ಲಿಸ್ತೀಯಾ, ಹೇಳಮ್ಮ," ಎಂದರು.

ಮೂರು ವರ್ಷದ ಪ್ರಸಾರದ ಹಕ್ಕಷ್ಟೇ ವಾಹಿನಿಗೆ ಹೋಯಿತು. ಮುಂದಿನ ಭಾನುವಾರ ಹಾಡಿದವರ ಊರಿನ ಶಾಲೆಯ ಕೋಣೆಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸಿದೆವು. ತನ್ನ ಹಾಡನ್ನು ತಾನೇ ಕೇಳಿದ ಅಜ್ಜಿಯೊಬ್ಬಳು, "ಅಯ್ಯೋ, ಒಂದ್ ಸಾಲು ನುಂಗ್ಬುಟ್ಟಿವ್ನಿ ಕಣೇ!" ಎಂದು ಎದ್ದು ನಿಂತು ಮೊದಲಿನಿಂದ ಹಾಡತೊಡಗಿದಳು.

ಅಕ್ಕ ಚಿತ್ರ ನಿಲ್ಲಿಸಿ ಕ್ಯಾಮೆರಾ ಕೈಗೆತ್ತಿಕೊಂಡರು.