ಖಾಲಿ ಓಡಿದರೂ ಕುಡಿಯುವ ಜನರೇಟರ್

ನಮ್ಮ ಅಬ್ಬಾ ಮೂವತ್ತು ವರ್ಷಗಳಿಂದ ಆರ್.ಟಿ. ನಗರದಲ್ಲಿ ಮದುವೆ, ಸಮಾರಂಭಗಳಿಗೆ ಜನರೇಟರ್ ಬಾಡಿಗೆಗೆ ಕೊಡುತ್ತಾ ಬಂದವರು. ನಾನು ಹೆಬ್ಬಾಳದ ಸಣ್ಣ ಕಚೇರಿಯೊಂದರಲ್ಲಿ ಸೋಲಾರ್ ವ್ಯವಸ್ಥೆಗಳ ವಿನ್ಯಾಸ ಮಾಡುತ್ತೇನೆ. ಒಂದೇ ಮನೆಯಲ್ಲಿ ಎರಡು ಪಕ್ಷ ಎಂದು ಅಮ್ಮಿ ನಗುತ್ತಾರೆ.

ಆ ಸಲದ ಕೆಲಸ ಅಬ್ಬಿಗೆರೆಯ ಆಚೆ ಒಂದು ಹೊಸ ಹಾಸ್ಟೆಲ್ಲಿನದು. ಕರೆಂಟಿನ ಲೈನ್ ಇನ್ನೂ ಬಂದಿರಲಿಲ್ಲ. ಡೀಸೆಲ್ ಜನರೇಟರೇ ಗತಿ. ಸೋಲಾರ್, ಬ್ಯಾಟರಿ, ಜನರೇಟರ್ ಮೂರನ್ನೂ ಹೇಗೆ ಸೇರಿಸಿದರೆ ಅತಿ ಅಗ್ಗ ಎಂದು ಸಾಫ್ಟ್‌ವೇರ್ ಹೇಳಬೇಕಿತ್ತು. ಎಷ್ಟು ಸಲ ಕೇಳಿದರೂ ಅದು ಬ್ಯಾಟರಿಯೇ ಬೇಡ ಎನ್ನುತ್ತಿತ್ತು. ರಾತ್ರಿಯ ನಾಲ್ಕು ದೀಪಕ್ಕಾಗಿ ಅಷ್ಟು ದೊಡ್ಡ ಜನರೇಟರ್ ಓಡಿಸುವುದೇ ಲಾಭವಂತೆ! ಬ್ಯಾಟರಿಯ ಬೆಲೆ, ಬಿಸಿಲಿನ ಅಂಕಿ, ಎರಡನ್ನೂ ಮತ್ತೆ ನೋಡಿದೆ. ತಪ್ಪು ಸಿಗಲಿಲ್ಲ.

"ಸಾಫ್ಟ್‌ವೇರೇ ಹೇಳಿದ್ಮೇಲೆ ಮುಗೀತಲ್ವಾ? ರಿಪೋರ್ಟ್ ಕಳ್ಸಿಬಿಡಿ," ಎಂದರು ಮ್ಯಾನೇಜರ್. ನನ್ನ ಮನಸ್ಸು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅಬ್ಬಾಗೆ ಹೇಳಿದೆ. ಮನೆಯಲ್ಲಿ ನಮ್ಮದು ದಖ್ಖನಿ ಉರ್ದು ಮಾತು. ಆ ಮಾತಿನಲ್ಲೇ ಕೇಳಿದರು: ಜನರೇಟರ್ ಖಾಲಿ ಓಡಿದರೂ ಡೀಸೆಲ್ ಕುಡಿಯುತ್ತದೆ, ಅದು ನಿನ್ನ ಕಂಪ್ಯೂಟರಿಗೆ ಗೊತ್ತಿದೆಯೇ?

ಕಚೇರಿಗೆ ಹೋದವಳೇ ಸಾಫ್ಟ್‌ವೇರಿನಲ್ಲಿ ಜನರೇಟರಿನ ವಿವರ ತುಂಬಿದ್ದ ಪುಟ ತೆರೆದೆ. ಲೋಡ್ ಇಲ್ಲದೆ ಖಾಲಿ ಓಡುವಾಗ ಆಗುವ ಡೀಸೆಲ್ ಖರ್ಚಿನ ಜಾಗದಲ್ಲಿ ಸೊನ್ನೆ ಇತ್ತು. ನಾಲ್ಕು ದೀಪಕ್ಕೆ ಓಡಿದರೆ ನಾಲ್ಕು ದೀಪಕ್ಕೆ ಬೇಕಾದಷ್ಟೇ ಡೀಸೆಲ್ ಸಾಕು ಎಂದು ಸಾಫ್ಟ್‌ವೇರ್ ನಂಬಿತ್ತು. ಹಳೆಯ ಯಾವುದೋ ಫೈಲಿನಿಂದ ನಾನೇ ನಕಲು ಮಾಡಿಕೊಂಡಿದ್ದೆ. ಸರಿಯಾದ ಅಂಕಿ ಯಾರ ಬಳಿಯೂ ಇರಲಿಲ್ಲ. "ಅಳೆದುಬಿಡೋಣ," ಎಂದರು ಅಬ್ಬಾ, ಫೋನಿನಲ್ಲಿ.

ಶನಿವಾರ ಮಧ್ಯಾಹ್ನ ಹಾಸ್ಟೆಲ್ಲಿಗೆ ಮ್ಯಾನೇಜರೂ ನಮ್ಮ ಜೊತೆಗೆ ಬಂದರು. ಅಬ್ಬಾ ಅಲ್ಲಿನ ಜನರೇಟರಿನ ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ಹಾಸ್ಟೆಲ್ಲಿನ ಲೋಡ್ ತೆಗೆಸಿ, ಒಂದು ಗಂಟೆ ಓಡಿಸಿದರು. ಆಮೇಲೆ ಲೀಟರ್ ಅಳತೆಯಿಂದ ಡೀಸೆಲ್ ಹಾಕುತ್ತಾ ಮತ್ತೆ ಅದೇ ಮಟ್ಟಕ್ಕೆ ತಂದರು.

"ನೋಡಿ ಸರ್, ಒಂದು ಬಲ್ಬೂ ಉರಿಸಿಲ್ಲ ಇದು. ಆದ್ರೂ ಕುಡ್ದಿದೆ. ಇಂಜಿನ್ ತಿರುಗ್ಬೇಕಲ್ಲ?"

ಪೂರ್ತಿ ಲೋಡ್ ಕೊಟ್ಟು ಇನ್ನೊಂದು ಗಂಟೆ ಓಡಿಸಿ ಅಳೆದೆವು. ಖಾಲಿ ಓಟಕ್ಕೆ ಹೆಚ್ಚುಕಡಿಮೆ ಅದರ ಕಾಲು ಭಾಗ ಖರ್ಚಾಗಿತ್ತು.

"ಇಷ್ಟ್ ವರ್ಷ ಈ ಕೆಲ್ಸ ಮಾಡಿ ನಾನು ಒಂದ್ಸಲಾನೂ ಅಳೆದು ನೋಡಿಲ್ಲ ಕಣ್ರೀ," ಎಂದು ಮ್ಯಾನೇಜರ್ ಅಬ್ಬಾನ ಕೈ ಕುಲುಕಿದರು. ಕೈಯ ಎಣ್ಣೆ ಒರೆಸಿಕೊಳ್ಳಲೂ ಅಬ್ಬಾಗೆ ಬಿಡಲಿಲ್ಲ.

ಅಲ್ಲೇ ಜನರೇಟರ್ ಶೆಡ್ಡಿನ ನೆರಳಲ್ಲಿ ಲ್ಯಾಪ್‌ಟಾಪ್ ತೆರೆದು ಸೊನ್ನೆ ಅಳಿಸಿ ನಮ್ಮ ಅಂಕಿ ಹಾಕಿದೆ. ಉತ್ತರವೇ ಬದಲಾಯಿತು. ಹಗಲಿಗೆ ಸೋಲಾರ್, ರಾತ್ರಿಗೆ ಬ್ಯಾಟರಿ, ಮೋಡ ಕವಿದ ದಿನಗಳಿಗಷ್ಟೇ ಜನರೇಟರ್. ಹಾಸ್ಟೆಲ್ಲಿನವರು ಅದನ್ನೇ ಒಪ್ಪಿ ಹಾಕಿಸಿದರು.

ರಿಪೋರ್ಟಿನಲ್ಲಿ ಅಳತೆ ಮಾಡಿದವರು ಎಂಬಲ್ಲಿ ಅಬ್ಬಾನ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ಹಾಕಿದೆ. ಆ ಪುಟ ಈಗ ಅವರ ಅಂಗಡಿಯ ಗೋಡೆಯ ಮೇಲಿದೆ. ಬಾಡಿಗೆಗೆ ಬಂದವರಿಗೆಲ್ಲ ತೋರಿಸುತ್ತಾರೆ:

"ನನ್ ಮಗಳು ಇಂಜಿನಿಯರ್. ಜನರೇಟರ್ ಹೊಟ್ಟೆಬಾಕ ಅಂತ ಬರ್ದಿದ್ದಾಳೆ, ಓದಿ!"